ಜೀವಂತ ಮುಖ

“ದಯವಿಟ್ಟು ಕಣ್ಣು ಮಿಟುಕಿಸಿ,” ಎಂದಿತು ಫೋನು.

ಬಾಯ್ಲರಣ್ಣ ಮಿಟುಕಿಸಲಿಲ್ಲ. ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ಎರಡೂ ಕೈ ಮಂಡಿಯ ಮೇಲೆ ಊರಿಕೊಂಡು, ಶಾಲೆಯ ಗ್ರೂಪ್ ಫೋಟೋಗೆ ಕೂತ ಹುಡುಗನ ಹಾಗೆ ಕೂತಿದ್ದ. ಫೋನು ಇನ್ನೊಮ್ಮೆ ಕೇಳಿಕೊಂಡಿತು. ಆಮೇಲೆ ಕೆಂಪು ಗೀಟೊಂದನ್ನು ಎಳೆದು, ಅದೇ ನಯವಾದ ಹೆಣ್ಣು ದನಿಯಲ್ಲಿ, “ಕ್ಷಮಿಸಿ, ಎದುರಿಗಿರುವುದು ಜೀವಂತ ಮುಖವಲ್ಲ,” ಎಂದಿತು.

“ಥೂ, ಇದರ ಬಾಯಿಗಿಷ್ಟು!” ಎಂದಳು ಫೋನು ಹಿಡಿದಿದ್ದ ಹಲೋ ಅಕ್ಕ.

ಪಿಂಚಣಿದಾರರ ಸಂಘದ ಕೋಣೆಯಲ್ಲಿ ವಾರಕ್ಕೊಂದು ಬೆಳಿಗ್ಗೆ ನಡೆಯುವ ಕೆಲಸ ಇದು. ಪಿಂಚಣಿ ತಿನ್ನುವವರು ವರ್ಷಕ್ಕೊಮ್ಮೆ ತಾವು ಇನ್ನೂ ಸತ್ತಿಲ್ಲ ಎಂದು ಸರ್ಕಾರಕ್ಕೆ ತೋರಿಸಬೇಕು. ಹೋದ ವರ್ಷದವರೆಗೂ ಕಚೇರಿಯ ಕೌಂಟರಿನ ಮುಂದೆ ಕ್ಯೂ ನಿಂತು ತೋರಿಸುತ್ತಿದ್ದರು. ಈ ವರ್ಷದಿಂದ ಫೋನಿಗೆ ಮುಖ ಹಿಡಿದು ಕಣ್ಣು ಮಿಟುಕಿಸಿದರೆ ಸಾಕು, ಬದುಕಿದ್ದೀರಿ ಎಂದು ಲೆಕ್ಕ. ಫೋನು ಇಲ್ಲದವರಿಗೆ, ಇದ್ದರೂ ಒತ್ತಲು ಹೆದರುವವರಿಗೆ ಹಲೋ ಅಕ್ಕ ಮಾಡಿಕೊಡುತ್ತಿದ್ದಳು. ಹಾಸಿಗೆ ಹಿಡಿದವರಿದ್ದರೆ ಬಸ್ಸು ಹತ್ತಿ ಅವರ ಮನೆಗೇ ಹೋಗಿ ಬರುತ್ತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದ ಹೆಂಗಸು. ಯಾರ ಮನೆ ಬಾಗಿಲು ತಟ್ಟಿದರೂ “ಹಲೋ” ಎನ್ನುವ ಚಾಳಿ ನಿವೃತ್ತಿಯಾದರೂ ಬಿಟ್ಟಿರಲಿಲ್ಲ. ಹೆಸರು ಹಾಗೆ ಬಂದದ್ದು.

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರ ನಾಲಿಗೆಗಳು ಸುಮ್ಮನಿರಬೇಕಲ್ಲ. “ಇನ್ನೂ ಸ್ವಲ್ಪ ಬೆಳಕಿಗೆ ಬನ್ನಿ.” “ಕುತ್ತಿಗೆ ಎತ್ತಿ.” “ಅಯ್ಯೋ ಮಾರಾಯ್ರೆ, ನೋಡ್ತಾ ಕೂತ್ರೆ ಆಗಲ್ಲ, ರೆಪ್ಪೆ ಹೊಡೀರಿ, ರೆಪ್ಪೆ!”

“ರೆಪ್ಪೆ ಇದ್ರೆ ಅಲ್ವಾ ಹೊಡಿಯೋಕೆ?” ಎಂದ ಬಾಯ್ಲರಣ್ಣ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹಲೋ ಅಕ್ಕ ಫೋನು ಇಳಿಸಿ ಆಗ ನೋಡಿದಳು. ಯಾವಾಗಲೂ ಕಪ್ಪು ಕನ್ನಡಕ ಹಾಕಿರುತ್ತಿದ್ದ ಮನುಷ್ಯ; ಪೊರೆಯ ಆಪರೇಷನ್ ಆಗಿರಬೇಕು ಎಂದುಕೊಂಡಿದ್ದಳು. ಈಗ ಕನ್ನಡಕ ತೊಡೆಯ ಮೇಲಿತ್ತು. ಕನ್ನಡಕ ಮುಚ್ಚುತ್ತಿದ್ದಷ್ಟೂ ಜಾಗದಲ್ಲಿ, ಹುಬ್ಬಿನಿಂದ ಕೆನ್ನೆಯ ಮೇಲಂಚಿನವರೆಗೆ, ಚರ್ಮ ಸುಟ್ಟು ಬಿಗಿದುಕೊಂಡು ಮೇಣದಂತೆ ಮಿರುಗುತ್ತಿತ್ತು. ಮೇಲಿನ ರೆಪ್ಪೆ ಎಂಬುದು ಬರೀ ಒಂದು ಅಂಚು. ಅವನು ಮುಚ್ಚಲು ಪ್ರಯತ್ನಪಟ್ಟಾಗ ಅದು ಸ್ವಲ್ಪ ಅದುರಿ ಅಲ್ಲೇ ನಿಂತಿತು. ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಅವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಹಳೆಯ ಪೈಪು ಬದಲಾಯಿಸಿ ಎಂದು ಹೇಳಿ ಹೇಳಿ ಸಾಕಾಗಿದ್ದ ಒಂದು ದಿನ ಆ ಪೈಪು ಒಡೆದು ಹಬೆ ಮುಖಕ್ಕೇ ಹೊಡೆದಿತ್ತು.

“ಯಾಕಣ್ಣ ಮೊದಲೇ ಹೇಳ್ಲಿಲ್ಲ?” ಎಂದಳು ಅಕ್ಕ.

“ಕೌಂಟರ್‌ನಲ್ಲಿ ಯಾರೂ ಮಿಟುಕಿಸು ಅಂತ ಕೇಳ್ತಿರಲಿಲ್ಲ ಅಕ್ಕ. ‘ಬಂದ್ರಾ? ಚೆನ್ನಾಗಿದೀರಾ?’ ಅನ್ನೋರು. ಸೈನ್ ಹಾಕಿಸ್ಕೊಳ್ಳೋರು. ಅಷ್ಟೆ.”

ಸಂಘದ ಕಾರ್ಯದರ್ಶಿ ಮೇಜಿನ ಹಿಂದಿನಿಂದ ಎದ್ದು ಬಂದ. ಲೆಕ್ಕಪತ್ರ ಇಲಾಖೆಯಲ್ಲಿ ಸವೆದು ಬಂದ ಆಸಾಮಿ, ಯಾವ ಗಂಟನ್ನಾದರೂ ಬಿಚ್ಚುವ ಬದಲು ಕತ್ತರಿಸಿ ಬಿಸಾಕುವ ಜಾತಿ. “ಇವರನ್ನ ಸ್ಕೂಟರ್‌ನಲ್ಲಿ ಕರ್ಕೊಂಡು ಬಂದ್ರಲ್ಲ, ಅವರು ತಮ್ಮ ಅಲ್ವಾ? ಕೂರಿಸಿ ಅವರನ್ನ. ಅಚ್ಚು ಒಂದೇ.”

ತಮ್ಮ ಬಾಗಿಲಲ್ಲಿ ನಿಂತಿದ್ದ. “ನಾನಾ?” ಎನ್ನುವಷ್ಟರಲ್ಲಿ ಅವನನ್ನು ಕುರ್ಚಿಗೆ ಒತ್ತಿ ಕೂರಿಸಿಯಾಗಿತ್ತು. ಫೋನು ಕೇಳಿತು, ಅವನು ಪಾಪ ಗಾಬರಿಗೇ ಪಟಪಟನೆ ಮಿಟುಕಿಸಿದ. ಹಸಿರು ಗೀಟು! ಇಲಾಖೆಯ ದಾಖಲೆಯಲ್ಲಿದ್ದದ್ದು ಬಾಯ್ಲರಣ್ಣ ಕೆಲಸಕ್ಕೆ ಸೇರಿದಾಗಿನ, ಸುಡುವ ಮೊದಲಿನ ಫೋಟೋ. ಅದಕ್ಕೆ ಅವನಿಗಿಂತ ಅವನ ತಮ್ಮನ ಮುಖವೇ ಹೆಚ್ಚು ಹೊಂದುತ್ತಿತ್ತು. “ಅಭಿನಂದನೆಗಳು, ನಿಮ್ಮನ್ನು ಗುರುತಿಸಲಾಗಿದೆ,” ಎಂದಿತು ಫೋನು. ಬೆಂಚಿನವರು ಚಪ್ಪಾಳೆ ತಟ್ಟಿದರು.

“ಒತ್ತಿ ಅಕ್ಕ, ‘ಸಲ್ಲಿಸಿ’ ಅಂತ ಇದೆಯಲ್ಲ, ಅದನ್ನ ಒತ್ತಿ. ಮುಗೀತು ಕೆಲಸ,” ಎಂದ ಕಾರ್ಯದರ್ಶಿ.

ಬಾಯ್ಲರಣ್ಣ ಕನ್ನಡಕ ಹಾಕಿಕೊಳ್ಳುತ್ತ, “ಹಂಗಾದ್ರೆ ನಾಳೆ ನಾನು ಸತ್ರೂ ಇವನು ಬಂದು ಕಣ್ಣು ಹೊಡೀತಾ ಇರ್ತಾನೆ. ನಾನು ಸತ್ತಿದ್ದು ಸರ್ಕಾರಕ್ಕೆ ಗೊತ್ತೇ ಆಗಲ್ಲ,” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಗು ನಿಲ್ಲುವವರೆಗೂ ಕಾದು, “ಬೇಡ ಅಕ್ಕ,” ಎಂದ. “ನಾನು ಬದುಕಿರೋದು ನಿಜ. ನಿಜ ಸಾಬೀತು ಮಾಡೋಕೆ ಸುಳ್ಳು ಹೇಳ್ಬೇಕಾ?”

ಹಲೋ ಅಕ್ಕನ ಬೆರಳು ಪರದೆಯ ಮೇಲೆಯೇ ಇತ್ತು. ಒತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿಂಗಳ ಕೊನೆಯೊಳಗೆ ಆಗದಿದ್ದರೆ ಪಿಂಚಣಿ ನಿಲ್ಲುತ್ತದೆ. ಪಿಂಚಣಿ ನಿಂತರೆ ಕಣ್ಣಿಗೆ ದಿನವೆಲ್ಲ ಬಿಡಬೇಕಾದ ಹನಿ ಔಷಧ ನಿಲ್ಲುತ್ತದೆ. ಹನಿ ನಿಂತರೆ ಕಣ್ಣು ಒಣಗಿ ದೃಷ್ಟಿಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ತಮ್ಮ ಕುರ್ಚಿಯಿಂದಲೇ ಎಲ್ಲರಿಗೂ ಹೇಳಿದ. ಒತ್ತಬೇಕೆಂದು ಅವಳಿಗೂ ಅನಿಸಿತು. ಆದರೆ ಕುರ್ಚಿಯಲ್ಲಿ ತಮ್ಮ, ಪಕ್ಕದಲ್ಲಿ ನಿಂತ ಅಣ್ಣ, ಯಂತ್ರದ ಪ್ರಕಾರ ಜೀವ ಇರುವುದು ಕುರ್ಚಿಯಲ್ಲಿರುವವನಿಗೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ‘ರದ್ದು’ ಒತ್ತಿದಳು.

“ತಲೆ ನೆಟ್ಟಗಿದೆಯಾ ನಿಮಗೆ?” ಎಂದು ಕಾರ್ಯದರ್ಶಿ ಕೂಗಾಡಿದ. “ಈ ಫೋನ್ ವ್ಯವಸ್ಥೆ ಬೇಕು ಅಂತ ಎಷ್ಟು ವರ್ಷ ಅಲೆದಿದೀವಿ! ಅರ್ಜಿ ಬರೆದೋರು ನೀವೇ. ಧರಣಿ ಕೂತೋರು ನೀವೇ. ಈಗ ನೀವೇ ಹೋಗಿ ಅದು ಸರಿ ಇಲ್ಲ ಅಂದ್ರೆ ನಮ್ಮ ಮುಖಕ್ಕೆ ಉಗೀತಾರೆ.”

“ಉಗೀಲಿ, ಒರೆಸ್ಕೊಳ್ಳೋಣ,” ಎಂದು ಅಕ್ಕ ಚೀಲ ಹೆಗಲಿಗೆ ಹಾಕಿದಳು. “ನಡೀರಿ ಬಾಯ್ಲರಣ್ಣ.”

ಕಾರ್ಯದರ್ಶಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳಿಗೆ ದಾರಿಯುದ್ದಕ್ಕೂ ಚುಚ್ಚಿದ್ದು. ಕೌಂಟರಿನ ಕ್ಯೂನಲ್ಲಿ ತಲೆ ಸುತ್ತಿ ಬಿದ್ದವರನ್ನು ಅವಳು ಕಣ್ಣಾರೆ ಕಂಡಿದ್ದಳು. ಒಬ್ಬ ನಿವೃತ್ತ ಡ್ರೈವರು ನಾನು ಬದುಕಿದ್ದೇನೆ ಎಂದು ಬರೆದುಕೊಡಲು ಬಂದು ಅದೇ ಮೆಟ್ಟಿಲ ಮೇಲೆ ಪ್ರಾಣ ಬಿಟ್ಟಿದ್ದ. ಅವತ್ತಿನಿಂದ ಅವಳು ಹಿಡಿದ ಹಟ ಈ ಫೋನಿನ ವ್ಯವಸ್ಥೆ. ಮಂಜೂರಾದ ದಿನ ಮನೆಗೆ ಹೋಗಿ ಒಬ್ಬಳೇ ಕೂತು ಅತ್ತಿದ್ದಳು, ಸಂತೋಷಕ್ಕೆ.

ಪಿಂಚಣಿ ಕಚೇರಿಯ ಕೆಳಗಿನ ಹಜಾರ ಖಾಲಿ ಹೊಡೆಯುತ್ತಿತ್ತು. ಕೌಂಟರಿದ್ದ ಕಿಟಕಿಗೆ ಪ್ಲೈವುಡ್ ಹಲಗೆ ಬಡಿದಿದ್ದರು. ಹಲಗೆಯ ಮೇಲೆ ದೊಡ್ಡದೊಂದು ಪೋಸ್ಟರು: ‘ಮನೆಯಲ್ಲೇ ಕೂತು ನೆಮ್ಮದಿಯಾಗಿ!’ ಕೆಳಗೆ ಫೋನು ಹಿಡಿದು ಹಲ್ಲು ಬಿಟ್ಟು ನಗುತ್ತಿರುವ ಒಬ್ಬ ಹೆಂಗಸು. ಹಲೋ ಅಕ್ಕನಿಗೆ ಒಂದು ಕ್ಷಣ ಯಾರೆಂದು ಹೊಳೆಯಲಿಲ್ಲ. ಉದ್ಘಾಟನೆಯ ದಿನ ತೆಗೆದ ಫೋಟೋ, ಕೇಳದೆಯೇ ಹಾಕಿಕೊಂಡಿದ್ದರು.

“ನೀವೇ ಅಲ್ವಾ ಅಕ್ಕ? ಚೆನ್ನಾಗಿ ಬಂದಿದೆ,” ಎಂದ ಬಾಯ್ಲರಣ್ಣ. ನಿಜವಾಗಿ ಮೆಚ್ಚಿಯೇ ಹೇಳಿದ್ದು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಧಿಕಾರಿ ಮಹಡಿಯ ಮೇಲೆ, ಅವಳ ಮಗನ ವಯಸ್ಸಿನವನು. ಒರಟನೇನಲ್ಲ. ಒರಟನಾಗಿದ್ದರೆ ಜಗಳಕ್ಕಾದರೂ ಸುಲಭವಾಗುತ್ತಿತ್ತು. ಎದ್ದು ನಿಂತು ಕುರ್ಚಿ ತೋರಿಸಿದ, ನೀರು ತರಿಸಿದ, ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದ. “ತುಂಬಾ ಬೇಜಾರಿನ ವಿಷಯ ಮೇಡಂ. ಆದ್ರೆ ಕೈಯಲ್ಲಿ ಮಾಡೋ ಅವಕಾಶನೇ ತೆಗೆದುಬಿಟ್ಟಿದಾರೆ.”

“ಮನುಷ್ಯ ನಿಮ್ಮ ಎದುರಿಗೇ ಕೂತಿದಾರೆ. ನೀರು ಕುಡೀತಿದಾರೆ. ಕಾಣಿಸ್ತಿದಾರೆ ತಾನೆ?”

“ನನಗೆ ಕಾಣ್ತಾರೆ ಮೇಡಂ. ಸಿಸ್ಟಂಗೆ ಕಾಣ್ಬೇಕಲ್ಲ.”

ಕೇಳಿದಿರಾ ಮಾತನ್ನ! ಎರಡು ಕಣ್ಣಿದ್ದವನು ಕಣ್ಣಿಲ್ಲದ ಪೆಟ್ಟಿಗೆಯನ್ನು ಕೇಳಿ ಎದುರಿಗಿರುವವನನ್ನು ನೋಡುತ್ತಾನಂತೆ. ಹಲೋ ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು.

ಅಧಿಕಾರಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಒಂದು ಮಾತು ಹೇಳ್ತೀನಿ, ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ. ಇವರ ಥರ ಕಾಣೋರು ಮನೇಲಿ ಯಾರಾದ್ರೂ ಇದ್ರೆ... ಅಣ್ಣ, ತಮ್ಮ... ಅವರನ್ನ ಕೂರಿಸಿ ಮುಗಿಸಿಬಿಡಿ. ನಾವೇನೂ ಕೇಳೋದಿಲ್ಲ.”

“ಆಹಾ!” ಎಂದಳು ಹಲೋ ಅಕ್ಕ. “ನಿಜವಾದ ಮನುಷ್ಯ ಬಂದ್ರೆ ಅವಕಾಶ ಇಲ್ಲ. ಸುಳ್ಳು ಮನುಷ್ಯ ಬಂದ್ರೆ ಕೇಳೋದಿಲ್ಲ. ಇದಕ್ಕೆ ನಿಮಗೆ ಕುರ್ಚಿ ಬೇರೆ, ಫ್ಯಾನ್ ಬೇರೆ!”

“ಮೇಡಂ, ಕೋಪ ಮಾಡ್ಕೋಬೇಡಿ. ಕೌಂಟರ್ ಬೇಡ, ಫೋನ್ ಕೊಡಿ ಅಂತ ನೀವೇ ತಾನೆ ಕೇಳಿದ್ದು?”

ಬಾಣ ಸರಿಯಾಗಿಯೇ ನಾಟಿತು. ಅವಳು ಮೇಜಿನ ಅಂಚು ಬಿಟ್ಟು ಎದ್ದಳು. “ಇನ್ನೊಂದು ಬಾಗಿಲು ಇಡಿ ಅಂತ ಕೇಳಿದ್ವಿ ಕಣಪ್ಪ. ಇದ್ದ ಬಾಗಿಲಿಗೆ ಮೊಳೆ ಹೊಡೀರಿ ಅಂತ ಕೇಳಿದ್ವಾ? ನಡೆಯೋಕಾಗದೋರಿಗೆ ಅಂತ ಕೇಳಿದ್ದು ನಾನು. ನಡ್ಕೊಂಡು ಬಂದೋರನ್ನ ಆಚೆ ಹಾಕೋಕಲ್ಲ.”

ಬಾಯ್ಲರಣ್ಣ ಲೋಟ ಕೆಳಗಿಟ್ಟು, ಕನ್ನಡಕ ತೆಗೆದು, ಜೇಬಿನಿಂದ ಸಣ್ಣ ಬಾಟಲಿ ತೆಗೆದು ತಲೆ ಹಿಂದಕ್ಕೆ ಒರಗಿಸಿದ. ಒಂದೊಂದು ಕಣ್ಣಿಗೂ ಹನಿ ಬಿಟ್ಟುಕೊಂಡ. ಅಧಿಕಾರಿ ಕಂಪ್ಯೂಟರಿನ ಕಡೆ ಮುಖ ತಿರುಗಿಸಿದ.

“ಇಲ್ಲಿ ನೋಡಿ ಸಾರ್,” ಎಂದ ಬಾಯ್ಲರಣ್ಣ. “ಇದು ಮನೇಲಿ ಸುಟ್ಟಿದ್ದಲ್ಲ. ಡ್ಯೂಟೀಲಿ ಸುಟ್ಟಿದ್ದು. ಸುಟ್ಟಿದ್ದು ನಿಮ್ಮ ದಾಖಲೇಲಿ ಇದೆ. ಬದುಕಿದ್ದು ಮಾತ್ರ ಇಲ್ಲ.”

ಅಧಿಕಾರಿ ನೋಡಲಿಲ್ಲ. “ಮೇಲಿನೋರಿಗೆ ಬರೀತೀನಿ. ಉತ್ತರ ಬರಲಿ, ನೋಡೋಣ,” ಎಂದು ಗೋಡೆಗೆ ಹೇಳಿದ.

ಇಬ್ಬರೂ ಕೆಳಗಿಳಿದರು. ಮೆಟ್ಟಿಲಿನ ಬುಡದಲ್ಲಿ ಒಬ್ಬ ಮುದುಕಿ ಕೂತಿದ್ದಳು, ಯಾವುದೋ ಹಾಸ್ಟೆಲಿನಲ್ಲಿ ಅಡಿಗೆಯವಳಾಗಿದ್ದಳಂತೆ. ತಲೆ ಸದಾ ಅಲುಗುವ ಕಾಯಿಲೆ. ಫೋನು ‘ಅಲುಗಾಡದೆ ಇರಿ’ ಎಂದು ಹೇಳಿ ಹೇಳಿ ಅವಳನ್ನೂ ಕೊಂದು ಹಾಕಿತ್ತು. ಆ ರೂಮಿಗೆ ಹೋಗಿ, ಈ ರೂಮಿಗೆ ಹೋಗಿ ಎಂದು ಬೆಳಿಗ್ಗೆಯಿಂದ ಅಲೆಸಿದ್ದರಂತೆ. ಗೋಡೆಗೆ ಒರಗಿ ನಿಂತಿದ್ದ ಇನ್ನಿಬ್ಬರದೂ ಅಂಥದೇ ಕಥೆ.

“ಎಲ್ಲಿ ಕೇಳ್ಬೇಕು ತಾಯಿ, ನಿಮಗೇನಾದ್ರೂ ಗೊತ್ತಾ?” ಎಂದಳು ಮುದುಕಿ. ಪೋಸ್ಟರಿನಲ್ಲಿ ನಗುತ್ತಿದ್ದವಳೇ ಇವಳು ಎಂದು ಅವಳಿಗೆ ಗುರುತು ಸಿಕ್ಕಿರಲಿಲ್ಲ, ಪುಣ್ಯಕ್ಕೆ.

ಹಲೋ ಅಕ್ಕ ಕೌಂಟರಿನ ಹತ್ತಿರ ಹೋದಳು. ಪೋಸ್ಟರಿನ ಮೂಲೆಗೆ ಉಗುರು ಹಾಕಿ ಎಳೆದಳು. ಗಟ್ಟಿ ಅಂಟು, ಚೂರು ಚೂರೇ ಬಂತು. ಬಂದಷ್ಟನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದಳು.

“ಬಾಯ್ಲರಣ್ಣ, ಇಲ್ಲಿ ಬಂದು ನಿಂತ್ಕೊಳ್ಳಿ.”

“ಕೌಂಟರ್ ಮುಚ್ಚಿದೆಯಲ್ಲಕ್ಕ?”

“ಗೊತ್ತು. ನೀವು ಮೊದಲನೆಯೋರು.”

ಅವನು ಹಲಗೆಯ ಮುಂದೆ ಹೋಗಿ ನಿಂತ. ಅವಳು ಅವನ ಹಿಂದೆ ನಿಂತಳು. ಬಾಗಿಲ ಹತ್ತಿರವಿದ್ದ ಜವಾನ ಎದ್ದು ಬಂದು, “ಅಕ್ಕ, ಇಲ್ಲಿ ಯಾರೂ ಇಲ್ಲ, ಏನು ಮಾಡ್ತಿದೀರಿ?” ಎಂದು ಕೇಳಿದ.

“ಕ್ಯೂ ನಿಂತಿದೀವಿ.”

“ಎಷ್ಟು ಹೊತ್ತು ನಿಂತ್ರೂ ತೆಗೆಯಲ್ಲ.”

“ನಿಲ್ಲೋದು ನಮಗೇನು ಹೊಸದಾ?”

ಜವಾನ ತಲೆ ಕೆರೆದುಕೊಂಡು ಮಹಡಿ ಹತ್ತಿದ. ಮುದುಕಿ ಮೆಲ್ಲಗೆ ಎದ್ದು ಬಂದು ಅಕ್ಕನ ಬೆನ್ನ ಹಿಂದೆ ನಿಂತು ಅವಳ ಸೆರಗು ಹಿಡಿದುಕೊಂಡಳು, ಬೀಳದಿರಲೆಂದು. ಗೋಡೆಗೆ ಒರಗಿದ್ದವರೂ ಬಂದರು. ಹೊರಗಿನಿಂದ ಊರುಗೋಲು ಹಿಡಿದ ಒಬ್ಬ ಬಂದು, ಯಾರನ್ನೂ ಏನೂ ಕೇಳದೆ, ಜೀವಮಾನವಿಡೀ ಮಾಡಿಕೊಂಡು ಬಂದ ಕೆಲಸವೆನ್ನುವಂತೆ ಕೊನೆಯಲ್ಲಿ ಸೇರಿಕೊಂಡ. ಅಣ್ಣನನ್ನು ಮನೆಗೆ ಕರೆದೊಯ್ಯಲು ಬಂದ ತಮ್ಮ, ಸ್ಕೂಟರು ನಿಲ್ಲಿಸಿ ಒಳಗೆ ಬಂದವನು, ಎಲ್ಲಿ ನಿಲ್ಲಬೇಕೋ ತಿಳಿಯದೆ ಅಣ್ಣನ ಪಕ್ಕಕ್ಕೆ ಬಂದ. “ಹಿಂದೆ ಹೋಗೋ, ಕ್ಯೂ ಇದೆ,” ಎಂದ ಬಾಯ್ಲರಣ್ಣ.

ಊಟದ ಹೊತ್ತಿಗೆ ಸಾಲು ಬಾಗಿಲು ದಾಟಿತ್ತು. ಅಧಿಕಾರಿ ಮೆಟ್ಟಿಲಿಳಿದು ಬಂದವನು ಹಾಗೇ ನಿಂತ. ಆಚೆ ಹೋಗಲು ಬೇರೆ ದಾರಿಯಿರಲಿಲ್ಲ. “ಸ್ವಲ್ಪ ದಾರಿ ಬಿಡಿ,” ಎಂದ. ಊರುಗೋಲಿನವನು ಸರಿದ, ಹಿಂದಿನವರು ಸರಿದರು, ಅವನು ತಲೆ ತಗ್ಗಿಸಿ ನಡುವೆ ನುಸುಳಿ ಹೊರಟ. ಸಾಲು ಮತ್ತೆ ಕೂಡಿಕೊಂಡಿತು. ಎಲ್ಲರಿಗೂ ಮುಂದೆ ಬಾಯ್ಲರಣ್ಣ ಕನ್ನಡಕ ಕೈಯಲ್ಲಿ ಹಿಡಿದು, ಹಲಗೆಗೆ ಮುಖ ಕೊಟ್ಟು, ಒಳಗಿನಿಂದ ಯಾರೋ ಈಗ ತನ್ನನ್ನು ಕರೆಯುತ್ತಾರೆ ಎನ್ನುವಂತೆ ನೋಡುತ್ತ ನಿಂತಿದ್ದ.