ಕೊಂಡಿಲ್ಲ

ಕಾಲುವೆ ಕೆಲಸದ ಗುತ್ತಿಗೆ ಹಿಡಿದ ಕಂಪನಿಯ ಪತ್ರ ಬಂದದ್ದು ಫೆಬ್ರುವರಿ ಹದಿನೇಳಕ್ಕೆ. ಅದನ್ನು ಒಡೆದು ಓದಿದವಳು ದೋರನಹಳ್ಳಿಯ ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ಮೋನಮ್ಮ. ಕಾಲುವೆಗೆ ಹೊಸದಾಗಿ ಸಿಮೆಂಟು ಹೊದಿಸುವ ಕೆಲಸವಿದೆ, ಮಾರ್ಚ್ ಒಂದರಿಂದ ನಿಮ್ಮ ಉಪಕಾಲುವೆಗೆ ನೀರು ಬಂದ್, ಇದೇ ತಿಂಗಳ ಇಪ್ಪತ್ತೈದನೇ ತಾರೀಖಿಗೆ ಸುರಪುರದ ಕ್ಯಾಂಪಿಗೆ ಬಂದು ಒಪ್ಪಿಗೆಯ ಸಹಿ ಹಾಕಿರಿ ಎಂದು ಬರೆದಿದ್ದರು.

ಮೋನಮ್ಮ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟಳು. ನಮ್ಮದು ಕಾಲುವೆಯ ಕಟ್ಟಕಡೆಯ ಭಾಗ. ಕೆನಾಲು ತೋಡಿದ ಮೇಲೆ ಎಷ್ಟೋ ವರ್ಷ ನಮ್ಮ ಪಾಲಿನ ಕಾಲುವೆಯಲ್ಲಿ ಬರೀ ಕಾಲುಗಳೇ ಹರಿದಾಡುತ್ತಿದ್ದವು: ಶಾಲೆಗೆ ಹೋಗುವ ಮಕ್ಕಳ ಕಾಲು, ಆಡಿನ ಕಾಲು, ಬಹಿರ್ದೆಸೆಗೆ ಹೋಗುವವರ ಕಾಲು. ಮೋನಮ್ಮ ಕಾರ್ಯದರ್ಶಿಯಾದ ಮೇಲೆ ಮೇಲಿನವರಿಗೆ ಸರತಿ ಗೊತ್ತುಮಾಡಿ, ಯಾವ ತೂಬು ಎಷ್ಟು ಹೊತ್ತಿಗೆ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಬರೆದು ಗೋಡೆಗೆ ಅಂಟಿಸಿ, ಸೈಕಲ್ ತುಳಿದು ಒಂದೊಂದು ತೂಬನ್ನೂ ಕಾಯ್ದು, ಆ ವರ್ಷ ಮೊದಲ ಸಲ ನೀರನ್ನು ಬಾಲದ ತನಕ ತಂದಿದ್ದಳು. ಅವಳ ತಾಯಿ ಮರಿಲಿಂಗಮ್ಮ ಹುಟ್ಟಿದಾಗಿನಿಂದ ಕಂಡವರ ಹೊಲದಲ್ಲಿ ಕಳೆ ತೆಗೆದಾಕೆ. ಈ ಸಲ ತಮ್ಮದೇ ಎರಡು ಎಕರೆಗೆ ಶೇಂಗಾ ಹಾಕಿದ್ದಳು. ಆ ಮನೆಯ ಮೊದಲ ನೀರಾವರಿ ಬೆಳೆ ಅದು. ಹೂವು ನೆಲಕ್ಕಿಳಿದು ಕಾಯಿ ಕಟ್ಟುವ ಹೊತ್ತು. ಇನ್ನು ಎರಡು ನೀರು ಬೇಕಿತ್ತು, ಮಾರ್ಚ್ ಐದರ ಸುಮಾರಿಗೆ ಒಂದು, ಇಪ್ಪತ್ತರ ಸುಮಾರಿಗೆ ಒಂದು. ಒಂದನೇ ತಾರೀಖಿಗೆ ಬಂದ್ ಆದರೆ ಬುಡ ಕಿತ್ತಾಗ ಸಿಗುವುದು ಬರೀ ಸಿಪ್ಪೆ.

ನಾನು ಭಾಗಣ್ಣ, ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯವನು. ಶಹಾಪುರದ ಕಾಲೇಜಿನಲ್ಲಿ ಮೋನಮ್ಮನೂ ನಾನೂ ಹಿಂದೆ ಮುಂದಿನ ಬೆಂಚಿನಲ್ಲಿ ಕೂತು ಬಿ.ಕಾಂ. ಓದಿದೆವು. ಅವಳು ಓದಿ ಪಾಸಾದಳು, ನಾನು ಅವಳ ನೋಟ್ಸ್ ಝೆರಾಕ್ಸ್ ಮಾಡಿಸಿ ಪಾಸಾದೆ. ಕಸುಬು ನನಗೆ ಅಲ್ಲಿಂದಲೇ ಹತ್ತಿತು. ಸಂಘಕ್ಕೆ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಅದರ ಟಪಾಲೆಲ್ಲ ನನ್ನ ಅಂಗಡಿಯಿಂದಲೇ.

ಸಂಘದ ಅಧ್ಯಕ್ಷರು ಜಗದೇವಪ್ಪ ಸಾವಕಾರರು. ಅವರದೂ ಬಾಲದಲ್ಲೇ ಹೊಲ, ಮರಿಲಿಂಗಮ್ಮನ ಪಕ್ಕಕ್ಕೇ. ಅವರೇ ಕಂಪನಿಗೆ ಫೋನು ಹಚ್ಚಿಸಿದರು. ಆ ಕಡೆ ಎತ್ತಿದವರು ಕ್ಯಾಂಪಿನ ಪ್ಲಾನಿಂಗ್ ಇಂಜಿನಿಯರ್ ಜಲಾಲುದ್ದೀನ ಸಾಹೇಬರು. ಒಂದು ದವಡೆಯಲ್ಲಿ ಪಾನು, ಇನ್ನೊಂದರಲ್ಲಿ ವಿನಯ. ಎರಡನ್ನೂ ಉಗುಳದೆ ಮಾತಾಡುವುದು ಅವರ ವಿದ್ಯೆ. ಆ ಧ್ವನಿಯನ್ನು ನಾನು ಆಮೇಲೆ ಊರಿಗೆಲ್ಲ ಮಾಡಿ ತೋರಿಸಿದ್ದೇನೆ. ತಾರೀಖನ್ನು ತಾವು ಹಾಕಿಲ್ಲ, ಸಾಫ್ಟ್‌ವೇರ್ ಹಾಕಿದೆ, ಅದರ ಮುಂದೆ ತಾವೂ ಒಬ್ಬ ನೌಕರರೇ ಎಂದರು. ಹಾಗಾದರೆ ಅದು ಹಾಕಿದ್ದನ್ನು ನಮಗೂ ತೋರಿಸಿರಿ ಎಂದಳು ಮೋನಮ್ಮ. ಸಂತೋಷದಿಂದ ಕಳಿಸುತ್ತೇನೆ, ಆದರೆ ಅದು ತೆರೆಯಬೇಕಾದರೆ ಆ ಸಾಫ್ಟ್‌ವೇರೇ ಬೇಕು, ಕಂಪನಿಯೂ ಒಂದೇ ಮಷಿನ್ನಿಗೆ ಕೊಂಡಿದೆ, ಒಂದು ಜೋಡಿ ಎತ್ತಿನ ಬೆಲೆ ಬೀಳುತ್ತದೆ ಎಂದು ವಿನಯದ ದವಡೆಯಿಂದಲೇ ಹೇಳಿ ಫೋನಿಟ್ಟರು.

ಸಂಜೆಯೊಳಗೆ ಫೈಲು ಬಂತು. ಸಾಹೇಬರು ಮಾತಿಗೆ ತಪ್ಪುವವರಲ್ಲ. ಕೊಟ್ಟಂತೆಯೂ ಆಗಬೇಕು, ಕೊಡದಂತೆಯೂ ಇರಬೇಕು ಎನ್ನುವ ಜಾಣತನ ಅಷ್ಟೇ. ಹೆಸರಿನ ಬಾಲಕ್ಕೆ ಚುಕ್ಕೆ ಹಾಕಿ ಎಂ.ಪಿ.ಪಿ. ಎಂದಿತ್ತು. ಒತ್ತಿದೆ, ಏಳಲಿಲ್ಲ. ಬೇರೆ ಬೇರೆ ಕಡೆಯಿಂದ ಎಬ್ಬಿಸಿ ನೋಡಿದೆ. ಒಂದರಲ್ಲಿ ಚೌಕ ಚೌಕ ಡಬ್ಬಿಗಳು, ಇನ್ನೊಂದರಲ್ಲಿ ಇರುವೆ ಸಾಲು. ಫೈಲಲ್ಲ, ನೆಲಕ್ಕೆ ಬೆನ್ನು ಹಚ್ಚದ ಪೈಲ್ವಾನ. ಜಗದೇವಪ್ಪನವರು ಕುರ್ಚಿಯಲ್ಲಿ ಕೂತು ನನ್ನ ಪಾಡು ನೋಡುತ್ತಿದ್ದರು.

"ಆರಿಸಿ ಕಳಿಸಿದ ಎಂ.ಪಿ.ನೇ ಐದು ವರ್ಷ ನಮಗ ಕಾಣಂಗಿಲ್ಲ," ಎಂದರು. "ಈ ಎಂ.ಪಿ.ಪಿ. ಎಲ್ಲಿಂದ ಕಾಣಬೇಕು ತಮ್ಮಾ."

ಶ್ಲೇಷೆ ನನ್ನ ಇಲಾಖೆ. ಅಧ್ಯಕ್ಷರು ಅತಿಕ್ರಮಣ ಮಾಡಿದ್ದು ನನಗೆ ಸ್ವಲ್ಪ ಚುಚ್ಚಿತು.

ಕಲಬುರಗಿಯಲ್ಲಿ ಕಳ್ಳ ಸಿ.ಡಿ. ಸಿಗುತ್ತದೆ, ತರಿಸುತ್ತೇನೆ ಎಂದೆ ನಾನು. ಮೋನಮ್ಮ ಒಪ್ಪಲಿಲ್ಲ. ನಾಳೆ ಸಾಹೇಬರ ಎದುರು ಕೂತು ಅವರ ತಪ್ಪು ತೋರಿಸಬೇಕಾದವರು ಕದ್ದ ಸಾಮಾನು ಇಟ್ಟುಕೊಂಡು ಹೋಗಬಾರದು ಎಂಬುದು ಅವಳ ವಾದ. ಫೈಲನ್ನು ಪಿ.ಡಿ.ಎಫ್. ಮಾಡಿ ಕೊಡಿ ಎಂದು ಕ್ಯಾಂಪಿಗೆ ಬರೆದಳು. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಅವಳು ನನ್ನ ಕುರ್ಚಿಯಿಂದ ನನ್ನನ್ನೇ ಎಬ್ಬಿಸಿ ಕೂತು, ಇಂಟರ್‌ನೆಟ್ಟಿನಲ್ಲಿ ಒಂದೊಂದೇ ಪುಟ ತಿರುವಿದಳು. ನಾನು ಆಧಾರ್ ಕಾರ್ಡುಗಳ ಝೆರಾಕ್ಸ್ ತೆಗೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವಳು ಮೆಲ್ಲಗೆ ಕರೆದಳು.

ಆಗ ಗೊತ್ತಾಯಿತು, ಇಂಥ ಫೈಲುಗಳನ್ನು ಬರೆಯುವವರಿಗೆ ಒಂದು ಸಾಫ್ಟ್‌ವೇರ್, ಬರೀ ನೋಡುವವರಿಗೆ ಬೇರೊಂದು. ನೋಡುವುದು ಪುಕ್ಕಟೆ. ಗೆರೆ, ತಾರೀಖು, ಕೆಲಸದ ಹೆಸರು ಎಲ್ಲ ಕಾಣುತ್ತದೆ, ಆದರೆ ಒಂದಕ್ಷರ ಬದಲಿಸಲು ಬರುವುದಿಲ್ಲ. ನಾನು ಅದನ್ನು ಜಗದೇವಪ್ಪನವರಿಗೆ ಬಿಡಿಸಿ ಹೇಳುತ್ತಿದ್ದಾಗ ಮೋನಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ನೋಡಬೌದು, ಮುಟ್ಟಂಗಿಲ್ಲ. ನಮ್ಮ ಮಂದಿಗೆ ಇದೇನು ಹೊಸಾದಲ್ಲ ಬಿಡು ಭಾಗಣ್ಣ."

ನಾನು ನಗಲಿಲ್ಲ. ಜಗದೇವಪ್ಪನವರು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಯಾವುದೋ ಅಮಾವಾಸ್ಯೆ ಹುಡುಕತೊಡಗಿದರು.

ಮೋನಮ್ಮ ಅದನ್ನು ಇಳಿಸಿಕೊಂಡು ಫೈಲು ಒತ್ತಿದಳು. ಪೈಲ್ವಾನ ಅಂಗಾತ ಬಿದ್ದ. ಎಡಗಡೆ ಕೆಲಸಗಳ ಪಟ್ಟಿ, ನಲವತ್ತಾರು ಸಾಲು. ಬಲಗಡೆ ಒಂದೊಂದು ಕೆಲಸಕ್ಕೆ ಒಂದೊಂದು ನೀಲಿ ಪಟ್ಟಿ, ಎಷ್ಟು ದಿನವೋ ಅಷ್ಟು ಉದ್ದ. ಇದಕ್ಕೆ ಗ್ಯಾಂಟ್ ಚಾರ್ಟ್ ಎನ್ನುತ್ತಾರೆಂದು ಅವಳು ಓದಿ ಹೇಳಿದಳು. ಗಂಟು ಕಟ್ಟುವವರ ಚಾರ್ಟಿಗೆ ಸರಿಯಾದ ಹೆಸರೇ ಎಂದೆ ನಾನು. ಅವಳು ಕೇಳಿಸಿಕೊಳ್ಳಲಿಲ್ಲ. ಹತ್ತನೇ ಸಾಲು ಓದುವಾಗ ಅವಳ ಬೆರಳು ನಿಂತಿತು. ನೀರು ಬಂದ್, ಮಾರ್ಚ್ ಒಂದು. ಸಾಹೇಬರು ಹೇಳಿದ್ದೇ ಅಲ್ಲಿತ್ತು. ಅವಳ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಮರಿಲಿಂಗಮ್ಮ ಹೊಲದಿಂದ ಮಗಳಿಗೆ ಬುತ್ತಿ ತಂದಳು. ಅಕ್ಷರ ಬಾರದವಳು. ನನ್ನ ಅಂಗಡಿಯೊಳಗೆ ಬಂದದ್ದೂ ಅದೇ ಮೊದಲು. ಪರದೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು. ಆಕೆಯ ತವರು ಯಾದಗಿರಿ ಆಚೆಯ ಕಂದಕೂರು. ಪಂಚಮಿಯ ದಿನ ಅಲ್ಲಿನ ಗುಡ್ಡದಲ್ಲಿ ಕಲ್ಲು ಎತ್ತಿ ಚೇಳು ಹಿಡಿದು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಆಕೆ ಸಣ್ಣವಳಿದ್ದಾಗ ಮುಂಗೈ ತನಕ ಏರಿಸಿಕೊಂಡವಳಂತೆ.

"ಇಷ್ಟು ಚೇಳು ಯಾಕ ಸಾಲು ಹಚ್ಚೀರಿ?" ಎಂದಳು.

ಮೋನಮ್ಮ ಬೇಸರದಲ್ಲೇ, ಅವು ಚೇಳಲ್ಲ, ಕೆಲಸ ಎಂದಳು.

"ಕೆಲಸಾದ್ರ ಬಾಲ ಯಾಕ ಬೇಕು?" ಮರಿಲಿಂಗಮ್ಮ ಗಾಜಿಗೆ ಬೆರಳು ಹಚ್ಚದೆ ತೋರಿಸಿದಳು. "ಇದರ ಬಾಲ ನೋಡು, ಬಾಗಿ ಕೆಳಗಿನದಕ್ಕ ಕೊಂಡಿ ಹಾಕ್ಯಾದ. ಅದು ಅದರ ಕೆಳಗಿನದಕ್ಕ. ಎಲ್ಲಾಕ್ಕೂ ಕೊಂಡಿ ಅದ. ಇದೊಂದು ಚೇಳಿಗೆ ಯಾಕ ಕೊಂಡಿಲ್ಲ?"

ಆಕೆಯ ಬೆರಳು ಹತ್ತನೇ ಸಾಲಿನ ನೇರಕ್ಕಿತ್ತು.

ಮೋನಮ್ಮ ಬುತ್ತಿಯನ್ನು ಕೆಳಗಿಟ್ಟಳು. ಆ ಬಾಲಗಳು ಬಾಣದ ಗುರುತುಗಳು. ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗುವಂತಿಲ್ಲ ಎಂದಿದ್ದರೆ ಎರಡನ್ನೂ ಹೀಗೆ ಕಟ್ಟುತ್ತಾರೆ. ನೀರು ಬಂದ್ ಮಾಡುವುದನ್ನು ಯಾವುದಕ್ಕೂ ಕಟ್ಟಿರಲಿಲ್ಲ. ಹಿಂದಿಲ್ಲ, ಮುಂದಿಲ್ಲ. ಕಟ್ಟದೆ ಬಿಟ್ಟ ಕೆಲಸವನ್ನು ಈ ಸಾಫ್ಟ್‌ವೇರ್ ತಾನಾಗಿ ಇಡೀ ಯೋಜನೆಯ ಮೊದಲ ದಿನಕ್ಕೆ ತಂದು ನಿಲ್ಲಿಸುತ್ತದೆ ಎಂದು ಅವಳು ಅವತ್ತೇ ಹುಡುಕಿ ಓದಿದಳು. ಆ ಮೊದಲ ದಿನವೇ ಮಾರ್ಚ್ ಒಂದು. ನಮ್ಮ ಕಾಲುವೆಗೆ ಸಿಮೆಂಟು ಹೊದಿಸುವ ಸಾಲು ಕೆಳಗೆ, ಇಪ್ಪತ್ತೊಂಬತ್ತನೆಯದು. ಅದಕ್ಕೆ ಮಾತ್ರ ಕೊಂಡಿ ಗಟ್ಟಿಯಾಗಿತ್ತು: ಸುರಪುರದ ಕಡೆಯ ಬೇರೆ ಕಾಲುವೆಯ ಕೆಲಸ ಮುಗಿದು ಸಿಮೆಂಟಿನ ಯಂತ್ರ ಇತ್ತ ಬಂದ ಮೇಲೆ, ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಶುರು. ಅಂದರೆ ಇಪ್ಪತ್ತೆಂಟು ದಿನ ನಮ್ಮ ಕಾಲುವೆ ಯಾರಿಗೂ ಬೇಡವಾಗಿ ಒಣಗುತ್ತ ಬಿದ್ದಿರಬೇಕಿತ್ತು.

ಮಗಳು ತಾಯಿಯನ್ನು ನೋಡಿದ ನೋಟವನ್ನು ನಾನು ಮಿಮಿಕ್ರಿ ಮಾಡಲಾರೆ.

ಇಪ್ಪತ್ತೈದಕ್ಕೆ ಸುರಪುರದ ಬಸ್ಸು ಹತ್ತಿದೆವು. ಮೋನಮ್ಮ, ಜಗದೇವಪ್ಪನವರು, ನಾನು. ಕ್ಯಾಂಪಿನಲ್ಲಿ ಬೇರೆ ಊರುಗಳ ಸಂಘದವರೂ ಇದ್ದರು. ಜಲಾಲುದ್ದೀನ ಸಾಹೇಬರು ಗೋಡೆಯ ಮೇಲೆ ದೊಡ್ಡದಾಗಿ ಫೈಲು ಬಿಟ್ಟು, ಪಟಪಟನೆ ತೋರಿಸಿ, ಸಹಿಯ ಕಾಗದವನ್ನು ಮೋನಮ್ಮನ ಮುಂದೆ ಸರಿಸಿದರು. ಅವಳು ಪೆನ್ನು ಮುಟ್ಟಲಿಲ್ಲ. ಹತ್ತನೇ ಸಾಲಿಗೆ ಹೋಗಿರಿ ಎಂದು ಕೇಳಿಕೊಂಡಳು. ಒಂದೊಂದು ಕೆಲಸಕ್ಕೂ ಮುಂಚೆ ಯಾವ ಕೆಲಸ ಮುಗಿಯಬೇಕು ಎಂದು ಬರೆಯುವ ಕಾಲಮ್ಮು ಬಲಕ್ಕಿದೆ, ಅದನ್ನು ತೋರಿಸಿರಿ ಎಂದಳು. ಸಾಹೇಬರು ಸರಿಸಿದರು. ಮೇಲಿನ ಕೆಳಗಿನ ಸಾಲುಗಳಿಗೆಲ್ಲ ಅಂಕಿ ಇತ್ತು. ಹತ್ತನೆಯದು ಖಾಲಿ.

ಸಾಹೇಬರ ದವಡೆ ನಿಂತಿತು. ಪಾನು ಯಾವ ಕಡೆ, ವಿನಯ ಯಾವ ಕಡೆ ಎಂದು ಅವರಿಗೇ ಮರೆತಂತಿತ್ತು. ಅವರು ಕೇಳಿದ್ದು ಬೇರೆಯದನ್ನೇ.

"ಮೇಡಂ, ನೀವು ಈ ಸಾಫ್ಟ್‌ವೇರ್ ಕೊಂಡೀರೇನು?"

"ನಾವು ಕೊಂಡಿಲ್ರಿ ಸಾಹೇಬ್ರ," ಎಂದಳು ಮೋನಮ್ಮ. "ನೀವು ಕೊಂಡೀರಿ, ಆದ್ರ ನಿಮ್ಮ ಹತ್ತನೇ ಸಾಲಿಗೇ ಕೊಂಡಿಲ್ಲ."

ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಮೊದಲು ನಕ್ಕವರು ಜಲಾಲುದ್ದೀನ ಸಾಹೇಬರೇ. ಇಪ್ಪತ್ತು ವರ್ಷ ಶ್ಲೇಷೆಯ ಅಂಗಡಿ ನಡೆಸಿದ ನನಗೆ ಇಂಥದೊಂದು ಹೊಳೆದಿರಲಿಲ್ಲ. ಹೊಟ್ಟೆ ಉರಿಯಲಿಲ್ಲ, ನನ್ನ ಊರಿನವಳು ಎಂದು ಪಕ್ಕದ ಹಳ್ಳಿಯವನಿಗೆ ಮೊಣಕೈಯಿಂದ ತಿವಿದು ಹೇಳಿದೆ.

ಸಾಹೇಬರು ಎಲ್ಲರ ಮುಂದೆಯೇ ಇಪ್ಪತ್ತೊಂಬತ್ತನೇ ಸಾಲಿಗೂ ಹತ್ತನೇ ಸಾಲಿಗೂ ಗಂಟು ಹಾಕಿದರು. ಕಟ್ಟುವುದು ಕೈತಪ್ಪಿ ಉಳಿದಿತ್ತು, ತಪ್ಪು ತಮ್ಮದೇ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಗೋಡೆಯ ಮೇಲೆ ನೀಲಿ ಪಟ್ಟಿ ಒಂದರಿಂದ ಎದ್ದು ಸರ್ರನೆ ಸಿಮೆಂಟಿನ ಕೆಲಸಕ್ಕೆ ಎರಡೇ ದಿನ ಮೊದಲಿನ ಇಪ್ಪತ್ತೇಳಕ್ಕೆ ಹೋಗಿ ಕೂತಿತು. ಕೆಲಸ ಮುಗಿಯುವ ಕಡೆಯ ತಾರೀಖು ಒಂದು ದಿನವೂ ಕದಲಲಿಲ್ಲ. ಮೋನಮ್ಮ ಹೊಸ ತಾರೀಖಿನ ಕಾಗದವನ್ನು ಮಾಡಿಸಿಕೊಂಡು, ಪೂರ್ತಿ ಓದಿ, ಆಮೇಲೆ ಸಹಿ ಹಾಕಿದಳು. ನಾವು ಹೊರಡುವಾಗ ಉಳಿದ ಸಂಘದವರು ಅವಳನ್ನು ಸುತ್ತುವರಿದು, ಆ ಪುಕ್ಕಟೆ ನೋಡುವ ಸಾಮಾನಿನ ಹೆಸರನ್ನು ಅಂಗೈ ಮೇಲೆ, ಬಸ್ ಟಿಕೆಟ್ಟಿನ ಬೆನ್ನ ಮೇಲೆ ಬರೆಸಿಕೊಳ್ಳುತ್ತಿದ್ದರು.

ಮೊದಲ ನೀರು ಮಾರ್ಚ್ ಆರಕ್ಕೆ ಹಾಯಿತು. ಎರಡನೆಯದು ಇಪ್ಪತ್ತೊಂದಕ್ಕೆ. ಅವತ್ತು ಬೆಳಿಗ್ಗೆ ಆರರಿಂದ ಒಂಬತ್ತು ಮರಿಲಿಂಗಮ್ಮನ ಸರತಿ, ಒಂಬತ್ತರಿಂದ ಜಗದೇವಪ್ಪನವರದು. ನಾನು ಫೋಟೋ ಹೊಡೆಯುವ ನೆವದಲ್ಲಿ ಹೋಗಿದ್ದೆ. ಆಕೆ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು, ಒಂದೊಂದೇ ಮಡಿ ಒಡೆದು ನೀರು ತಿರುಗಿಸುತ್ತಿದ್ದಳು. ಮೋನಮ್ಮ ಬದುವಿನ ಮೇಲೆ ನಿಂತು ಎಷ್ಟು ಮಡಿ ಉಳಿದಿವೆ ಎಂದು ಹೇಳುತ್ತಿದ್ದಳು. ಒಂದು ಗಿಡ ಕಿತ್ತು ನೋಡಿದೆವು. ಹಿಡಿ ತುಂಬ ಕಾಯಿ, ಒಡೆದರೆ ಒಳಗೆ ಹಾಲುಗಾಳು.

ಎಂಟೂವರೆಗೆ ಜಗದೇವಪ್ಪನವರು ಮೋಟಾರ್‌ ಸೈಕಲ್ಲಿನಲ್ಲಿ ಬಂದರು. ಮೈಮೇಲೆ ಇಸ್ತ್ರಿ ಅಂಗಿ. ಮುದನಾಳದಲ್ಲಿ ಬೀಗರ ಮನೆಯ ಮದುವೆ, ಅರ್ಧ ತಾಸು ಮುಂಚೆ ನೀರು ಇತ್ತ ತಿರುಗಿಸಿದರೆ ತಾವು ನೋಡಿಕೊಂಡು ಹೊರಡಬಹುದಿತ್ತು ಎಂದು ಬದುವಿನ ಮೇಲಿಂದ ಹೇಳಿದರು. ಮೋನಮ್ಮ ಬಾಯಿ ತೆರೆದಳು. ತಾಯಿ ಕೈ ಎತ್ತಿ ತಡೆದಳು.

"ನನ್ನ ಗೆರಿ ಒಂಬತ್ತಕ್ಕ ಮುಗೀತದ್ರಿ ಸಾವಕಾರ್ರ," ಎಂದಳು, ಸಲಿಕೆ ನೆಲಕ್ಕೂರಿ. "ಅದು ಮುಗಿದ ಮ್ಯಾಲೇ ನಿಮ್ಮದು ಸುರು. ನನ್ನ ಮಗಳು ಹಂಗೇ ಕಟ್ಟ್ಯಾಳ."

ಜಗದೇವಪ್ಪನವರು ಗಡಿಯಾರ ನೋಡಿಕೊಂಡರು. ಮಡಿಯಲ್ಲಿ ನೀರು ಹರಿಯುವುದನ್ನು ನೋಡಿದರು. ಮೋಟಾರ್‌ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಇಸ್ತ್ರಿ ಅಂಗಿ ಮುದುಡದಂತೆ ಜಾಲಿಯ ನೆರಳಿಗೆ ಬಂದು ಬದುವಿನ ಮೇಲೆ ಕೂತರು.

"ಹೌದ್ರಿ ಮರಿಲಿಂಗಮ್ಮ," ಎಂದರು. "ನಿಮ್ಮದು ಮುಗೀಲಿರಿ."

ಅವರು ಆಕೆಗೆ 'ರಿ' ಹಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮರಿಲಿಂಗಮ್ಮನೂ ಕೇಳಿದಳು. ಅವಸರ ಮಾಡದೆ ಮುಂದಿನ ಮಡಿ ಒಡೆದಳು.