ಹನ್ನೆರಡು ಬೆರಳಿನ ಜೀವ

ಫೆಬ್ರವರಿಯ ಒಂದು ಮಂಗಳವಾರ ನನ್ನ ಅಂಗಡಿಯ ಮೂಲೆಯಲ್ಲಿದ್ದ ಕಾದಾಟದ ವಿಡಿಯೋ ಆಟದ ಮಷೀನು ಸತ್ತಿತು. ಬೆಳಿಗ್ಗೆ ಸ್ವಿಚ್ಚು ಹಾಕಿದರೆ ಪರದೆಯ ತುಂಬ ಹಸಿರು, ಬೇರೇನೂ ಇಲ್ಲ. ಹಿಂದಿನ ಹಲಗೆ ಬಿಚ್ಚಿ ನೋಡಿದೆ. ಬೋರ್ಡಿನ ಮೇಲಿನ ಪುಟ್ಟ ಬ್ಯಾಟರಿ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ನಾನು ಇಸ್ತ್ರಿಪೆಟ್ಟಿಗೆ, ಮಿಕ್ಸರು ರಿಪೇರಿ ಮಾಡುವವನು. ನಗರದ ಅಂಚಿನ ನೆಸಾದ ಈ ಬೀದಿಗೆ ಡಾಂಬರು ಬರುವ ಮೊದಲಿನಿಂದ ಇಲ್ಲಿದ್ದೇನೆ. ಕೈಗೆ ಬಂದದ್ದನ್ನೆಲ್ಲ ಹೇಗೋ ಬದುಕಿಸಿದ್ದೇನೆ. ಆ ಬೋರ್ಡು ಮಾತ್ರ ನನ್ನ ಕೈ ಮೀರಿದ್ದು.

ಸಂಜೆ ಸೆನೈದಾ ಬಂದಳು. ಪಕ್ಕದ ಬೀದಿಯ ತೊರ್ತಿಯಾ ರೊಟ್ಟಿಯ ಅಂಗಡಿಯಲ್ಲಿ ಅವಳ ಕೆಲಸ. ಬೆಳಗಿನಿಂದ ಜೋಳದ ಹಿಟ್ಟಿನ ಜೊತೆ ಇದ್ದು, ಅಂಗಡಿ ಮುಚ್ಚಿದ ಮೇಲೆ ಜೋಳ ನೆನೆಸುವ ಸುಣ್ಣದ ವಾಸನೆಯ ಕೈಯಲ್ಲೇ ನೇರ ಇಲ್ಲಿಗೆ ಬಂದು ಒಂದು ಗಂಟೆ ಆಡುವಳು. ಒಂಬತ್ತು ವರ್ಷದವಳಿದ್ದಾಗ ಸೋಡಾ ಬಾಟಲಿಯ ಕ್ರೇಟಿನ ಮೇಲೆ ನಿಂತು ಶುರು ಮಾಡಿದವಳಿಗೆ ಈಗ ಮೂವತ್ತೈದು. ಅವಳು ಮಷೀನಿನ ಆಟ ಆಡಿಸುವ ಕೋಲಿನ ಮೇಲೆ ಕೈಯಿಟ್ಟಳು.

"ತಣ್ಣಗಾಗಿದೆ ದೋನ್ ಕೂಕೋ," ಅಂದಳು. ಬೀದಿಯಲ್ಲಿ ನನ್ನ ಹೆಸರು ಅದೇ.

"ಹೋಯ್ತು ಮಗಳೇ."

"ಬೇರೆ ಬೋರ್ಡು ಎಲ್ಲಾದ್ರೂ ಸಿಗುತ್ತಾ?"

ಹುಡುಕಿದೆ. ಬಿಡಿಭಾಗಗಳ ಸಂತೆಯಲ್ಲಿ ಮೂರು ಶನಿವಾರ ಅಲೆದೆ. ಮೂರನೆಯ ವಾರ ಒಬ್ಬ ಅಂಗಡಿಯವನು ನಕ್ಕು, "ತಾತ, ಆ ಆಟದ ಒಳ್ಳೇ ಬೋರ್ಡು ಈ ಊರಲ್ಲಿ ಇರೋದೇ ಒಂದು. ನಾಳೆ ಬಿಟ್ಟು ಬರೋ ಭಾನುವಾರ ನಗರದ ಸೆಂಟರಲ್ಲಿ ಪಂದ್ಯ ಇದೆ. ಗೆದ್ದೋರಿಗೆ ಅದೇ ಬಹುಮಾನ. ಹೋಗಿ ಆಡಿ," ಎಂದ. ನನ್ನ ಬೆರಳು ನೋಡಿಯೇ ತಮಾಷೆ ಮಾಡಿದ್ದು. ಎಡಗೈಯ ಎರಡು ಬೆರಳು ನನಗೆ ಮಡಚಲು ಬರುವುದಿಲ್ಲ.

ಸೆನೈದಾಳಿಗೆ ಹೇಳಿದೆ. ಅವಳು ಭಾನುವಾರದ ರಜೆ ಕೇಳಿಕೊಂಡಳು. ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಅವಳು ಕೇಳಿದ ಮೊದಲ ರಜೆ ಅದು.

ಆ ಆಟದಲ್ಲಿ ಏಳು ಜನ ಕಾಳಗದವರು. ಅವರ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಬೋಳ, ಕಟುಕ, ವಿಧವೆ, ಹೀಗೆ ನಾವೇ ಇಟ್ಟುಕೊಂಡ ಹೆಸರು. ಸೆನೈದಾಳದು ಯಾವಾಗಲೂ ವಿಧವೆ. ಕಪ್ಪು ಶಾಲು ಹೊದ್ದ ಒಣಕಲು ಹೆಂಗಸು. ಪರದೆಯ ಮೇಲ್ಭಾಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಳದಿ ಪಟ್ಟಿ. ಅದೇ ಅವರ ಜೀವ. ಏಟು ಬಿದ್ದಷ್ಟೂ ಸವೆಯುತ್ತದೆ, ಮುಗಿದರೆ ಬಿದ್ದಂತೆ. ನನಗೆ ಬಹಳ ವರ್ಷ ಇಷ್ಟೇ ಗೊತ್ತಿದ್ದದ್ದು. ಉಳಿದದ್ದನ್ನು ಕಲಿಸಿದ್ದು ಈ ಹುಡುಗಿ.

ಹನ್ನೊಂದು ವರ್ಷದವಳಿದ್ದಾಗ ಒಂದು ದಿನ ಅವಳು ತನ್ನ ಬೆರಳನ್ನು ಗಾಜಿಗೆ ಅಡ್ಡ ಹಿಡಿದು ಪಟ್ಟಿಯನ್ನು ಅಳೆಯುತ್ತಿದ್ದಳು. "ಪೂರ್ತಿ ಜೀವ ಹನ್ನೆರಡು ಬೆರಳು. ಒಂದೇ ಉಸಿರಲ್ಲಿ ಐದು ಏಟು ಕೊಟ್ರೆ ಮೊದಲನೇದು ತುಂಬಾ ನೋಯ್ಸುತ್ತೆ, ಎರಡನೇದು ಸ್ವಲ್ಪ ಕಮ್ಮಿ, ಮೂರನೇದು ಇನ್ನೂ ಕಮ್ಮಿ. ಬೀಳ್ತಿರೋನಿಗೆ ಹೊಡೆಯೋಕೆ ಮಷೀನಿಗೇ ನಾಚ್ಕೆ ದೋನ್ ಕೂಕೋ," ಎಂದಳು. ಕೊನೆಯ ಎರಡು ಬೆರಳು ಜೀವ ಉಳಿದಾಗ ಏಟು ಮತ್ತೂ ಮೆತ್ತಗಾಗುವುದನ್ನು ತೋರಿಸಿದಳು. ಬಿದ್ದವನು ಏಳುವಾಗ ಅರೆ ಉಸಿರಿನಷ್ಟು ಹೊತ್ತು ಯಾರ ಏಟೂ ಅವನಿಗೆ ತಗಲುವುದಿಲ್ಲ ಎಂಬುದನ್ನೂ ತೋರಿಸಿದಳು. ನಾನು ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ದಿನಾ ನೋಡುತ್ತಿದ್ದ ಗಾಜಿನೊಳಗೆ ಇಷ್ಟೆಲ್ಲ ಕಟ್ಟಳೆ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ವಿಧವೆಗೆ ಇನ್ನೊಂದು ವಿದ್ಯೆಯೂ ಇತ್ತು. ಶಾಲನ್ನು ತಲೆತನಕ ಹೊದ್ದು ನಿಲ್ಲುವುದು. ಆಗ ಬಿದ್ದ ಒಂದು ಏಟಿಗೆ ಅವಳು ಅಲುಗುವುದಿಲ್ಲ, ಹಿಂದೆ ಸರಿಯುವುದಿಲ್ಲ. ಆದರೆ ಜೀವ ಮಾತ್ರ ಪೂರ್ತಿ ಹೋಗುತ್ತದೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ಹೆಣದ ಬಟ್ಟೆ ಎಂದು ಹೆಸರು. ಯಾರೂ ಬಳಸುತ್ತಿರಲಿಲ್ಲ. ಹೊದ್ದವರು ಹೊದ್ದಲ್ಲೇ ಮುಗಿದುಹೋಗುತ್ತಿದ್ದರು.

ನಮ್ಮಲ್ಲಿ ಇನ್ನೊಂದು ರೂಢಿ. ಗೆಲ್ಲುವ ಏಟು ಬಿತ್ತೋ, ಆಡುವವರು ಕೋಲಿನಿಂದ ಕೈ ಎತ್ತಿ ಮಷೀನಿನ ಮರದ ಪಕ್ಕೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯಬೇಕು. ಮುಂದಿನವರು ಬನ್ನಿ ಎಂದು ಅರ್ಥ. ಪರದೆಯ ಮೇಲೆ ಗೆದ್ದವರ ಹೆಸರು ಬರುವವರೆಗೆ ಕಾಯುವವರನ್ನು ಜನ ಅಂಜುಬುರುಕರು ಎಂದು ಆಡಿಕೊಳ್ಳುತ್ತಿದ್ದರು.

ಭಾನುವಾರ ಮೂವರು ಹೊರಟೆವು. ನಾನು, ಸೆನೈದಾ, ಮತ್ತೆ ನನ್ನ ಅಂಗಡಿ ಮುಂದೆ ತಮಾಲೆ ಕಡುಬು ಮಾರುವ ಎಲೋದಿಯಾ. ಅವಳನ್ನು ಯಾರೂ ಕರೆದಿರಲಿಲ್ಲ. ಪಂದ್ಯ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಮೂವತ್ತೆರಡು ಜನ ಆಟಗಾರರು. ನೋಡುವವರು ಮೆಟ್ಟಿಲ ಮೇಲೂ ಕೂತಿದ್ದರು. ಬೋರ್ಡನ್ನು ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಇಟ್ಟಿದ್ದರು. ಎರಡು ಸಲ ಸೋತವರು ಮನೆಗೆ. ಕೊನೆಗೆ ಉಳಿದ ಇಬ್ಬರದು ಒಂದೇ ಪಂದ್ಯ, ಅದರಲ್ಲಿ ಹಿಂದಿನ ಸೋಲು ಗೆಲುವು ಲೆಕ್ಕಕ್ಕಿಲ್ಲ. ನಿಯಮ ಇಷ್ಟೇ.

ಸೆನೈದಾಳ ಮೊದಲ ಎದುರಾಳಿ ಪ್ಯುಯೆಬ್ಲಾದಿಂದ ಬಂದ ಎವೋದಿಯೋ ಲಾರಿಯೋಸ್. ದೊಡ್ಡ ಹೊಟ್ಟೆ, ಮೃದು ದನಿ, ಕನ್ನಡಕದ ವ್ಯಾಪಾರಿ. ಅವನದು ಕಟುಕ.

"ನೆಸಾದವರಾ? ಅಲ್ಲಿ ಇನ್ನೂ ಕರೆಂಟಿದೆಯಾ?" ಎಂದ.

"ಇದೆ. ನಿಮ್ಮೂರಿನ ಕತ್ತಲೆ ಅಲ್ಲಿಂದ್ಲೇ ಕಾಣುತ್ತೆ," ಎಂದಳು ಸೆನೈದಾ.

ಇಬ್ಬರೂ ಒಂದೊಂದು ಸುತ್ತು ಗೆದ್ದರು. ಮೂರನೆಯದರಲ್ಲಿ ಕಟುಕನ ಪಟ್ಟಿ ಸರಿಯಾಗಿ ಅರ್ಧಕ್ಕೆ, ಆರು ಬೆರಳಿಗೆ ಬಂದು ನಿಂತಿತು. ಸೆನೈದಾ ತನ್ನ ಐದು ಏಟನ್ನು ಕೊಟ್ಟಳು. ಶಾಲಿನ ತುದಿ, ಮೊಣಕೈ, ಮತ್ತೆ ಶಾಲು, ಮೊಣಕಾಲು, ತಲೆ. ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಇಪ್ಪತ್ತಾರು ವರ್ಷದಿಂದ ಆ ಐದು ಏಟಿಗೆ ಅರ್ಧ ಜೀವ ಹೋಗುವುದನ್ನು ನೋಡಿದ್ದೇವೆ. ಕಟುಕ ಬಿದ್ದ. ಸೆನೈದಾ ಕೈ ಎತ್ತಿ ಮರಕ್ಕೆ ಎರಡು ಸಲ ಬಡಿದಳು.

ಕಟುಕ ಎದ್ದ.

ಅವನ ಪಟ್ಟಿಯಲ್ಲಿ ಇನ್ನೂ ಎರಡು ಬೆರಳು ಹಳದಿ ಉಳಿದಿತ್ತು. ಕೋಲಿನ ಮೇಲೆ ಸೆನೈದಾಳ ಕೈಯಿಲ್ಲದೆ ವಿಧವೆ ಸುಮ್ಮನೆ ನಿಂತಿದ್ದಳು. ಎವೋದಿಯೋ ಒಂದು ಕ್ಷಣ ಗಾಬರಿಯಾಗಿ ಇವಳ ಮುಖ ನೋಡಿದ. ಆಮೇಲೆ ಹೊಡೆದು ಮುಗಿಸಿದ. ಮೆಟ್ಟಿಲ ಮೇಲಿನವರು ಹೋ ಎಂದು ನಕ್ಕರು. "ಬಾಗಿಲು ತಟ್ಟಿದ್ದು ಯಾರಮ್ಮಾ?" ಎಂದು ಯಾರೋ ಕೂಗಿದ.

"ನಿಮ್ಮಜ್ಜಿ!" ಎಂದು ಎಲೋದಿಯಾ ತಿರುಗಿ ಕೂಗಿದಳು.

ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಂದು ಬೆಂಕಿಕಡ್ಡಿ ನೆನಪಾಯಿತು.

ಮಷೀನು ತಂದ ಮೂರನೆಯ ತಿಂಗಳು ಅದು. ಇಪ್ಪತ್ತು ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಸರದಿಗಾಗಿ ನೂಕಾಟ ಆಗಿ ಒಬ್ಬನ ಹಲ್ಲು ಮುರಿಯಿತು. ಬೋರ್ಡಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಎಂಟು ಗುಂಡಿಗಳಿರುತ್ತವೆ. ಅವುಗಳಲ್ಲಿ ಎರಡು, ಏಟು ಎಷ್ಟು ಜೋರಾಗಿರಬೇಕು ಎಂಬುದನ್ನು ಹೇಳುವಂಥವು. ಆಟ ಬೇಗ ಮುಗಿದರೆ ಜಗಳವೂ ಮುಗಿಯುತ್ತದೆ ಎಂದು ಬೆಂಕಿಕಡ್ಡಿಯಿಂದ ಅವನ್ನು ಕೊನೆಯ ತನಕ ತಳ್ಳಿದ್ದೆ. ಜಗಳ ನಿಂತಿತು. ನಾನೂ ಮರೆತೆ.

ಸೆನೈದಾ ಮೆಟ್ಟಿಲ ಕೆಳಗೆ ಕೂತಿದ್ದಳು. ಎಲ್ಲವನ್ನೂ ಹೇಳಿದೆ.

"ಅಂದ್ರೆ ಇಷ್ಟು ವರ್ಷ ನಾನು ಕಲ್ತಿದ್ದೆಲ್ಲ ಸುಳ್ಳು ಲೆಕ್ಕ."

"ಹೌದು ಮಗಳೇ. ನಂದೇ ತಪ್ಪು."

"ನಂಗಲ್ದಿದ್ರೂ ಎಲೋದಿಯಾಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ? ಇಡೀ ನೆಸಾಕ್ಕೆ ಗೊತ್ತಾಗ್ತಿತ್ತು."

"ನೋಡು, ಸೋತು ಕೂತಿದ್ರೂ ನನ್ನ ಬಾಯಿಯ ತಂಟೆಗೇ ಬರ್ತಾಳೆ," ಎಂದು ಎಲೋದಿಯಾ ಅವಳ ಕೈಗೆ ಒಂದು ತಮಾಲೆ ಇಟ್ಟಳು.

ಸೆನೈದಾ ಅದನ್ನು ತಿನ್ನುತ್ತಾ ಎದ್ದು ಬೇರೆಯವರು ಆಡುತ್ತಿದ್ದ ಕಡೆ ಹೋದಳು. ಮಷೀನಿನ ಪಕ್ಕ ನಿಂತು ಗಾಜಿನ ಕಡೆ ಬೆರಳು ಅಡ್ಡ ಹಿಡಿದಳು, ಹನ್ನೊಂದು ವರ್ಷದವಳಿದ್ದಾಗ ಹಿಡಿದ ಹಾಗೆಯೇ. ಒಂದೊಂದು ಏಟಿಗೂ ತುಟಿ ಅಲ್ಲಾಡುತ್ತಿತ್ತು. ಅರ್ಧ ಗಂಟೆ ಬಿಟ್ಟು ಬಂದು ಹೇಳಿದಳು.

"ನಮ್ಮಲ್ಲಿ ಆರು ಬೆರಳು ಹೋಗೋ ಕಡೆ ಇಲ್ಲಿ ನಾಲ್ಕು. ಮೂರು ಹೋಗೋ ಕಡೆ ಎರಡು. ಎಲ್ಲದಕ್ಕೂ ಹಂಗೇ." ಆಮೇಲೆ ಅವಳ ದನಿ ತಗ್ಗಿತು. "ನಂಗೆ ಬೀಳೋ ಏಟೂ ಹಂಗೇ ತಾನೆ?"

"ಹಂಗೇ."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ನನ್ನತ್ರ ಇಷ್ಟೊಂದು ಜೀವ ಇತ್ತಾ, ದೋನ್ ಕೂಕೋ?"

ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ? ಎರಡು ಮೂರು ದೊಡ್ಡ ಏಟಿಗೆ ಸಾಯುವ ಕಡೆ ಬೆಳೆದವಳು ಅವಳು. ಏಟು ತಿನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಎದುರಿನವರ ಭುಜ ಅಲುಗುವ ಮೊದಲೇ ವಿಧವೆ ಅಲ್ಲಿರುತ್ತಿರಲಿಲ್ಲ. ಈಗ ಅದರ ಮೇಲೆ ಸರಿಯಾದ ಲೆಕ್ಕವೂ ಸೇರಿತು. ಐದು ಏಟು ಕೊಡುವಳು, ಕೈ ಎತ್ತುವುದಿಲ್ಲ, ಉಳಿದ ಬೆರಳುಗಳನ್ನು ಕಣ್ಣಲ್ಲೇ ಎಣಿಸಿ ಮತ್ತೆ ಹೋಗುವಳು. ಒಂದು ಸುತ್ತನ್ನಂತೂ ಒಂದೇ ಒಂದು ಏಟು ತಿನ್ನದೆ ಮುಗಿಸಿದಳು. ಮೆಟ್ಟಿಲ ಮೇಲಿನವರು ನಗುವುದನ್ನು ನಿಲ್ಲಿಸಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಆಡುವಾಗ ಯಾರೂ ಏನೂ ತಿನ್ನುತ್ತಲೂ ಇರಲಿಲ್ಲ.

ಕೊನೆಗೆ ಉಳಿದವರು ಸೆನೈದಾ ಮತ್ತು ಎವೋದಿಯೋ.

"ಈ ಸಲ ಬಾಗಿಲು ತಟ್ಟೋದು ನಾನಾ ನೀವಾ?" ಎಂದ ಅವನು, ಕನ್ನಡಕ ಒರೆಸುತ್ತಾ.

"ನೋಡೋಣ. ಒಳಗೆ ಯಾರಾದ್ರೂ ಇರ್ಬೇಕಲ್ಲ."

ಮತ್ತೆ ಒಂದೊಂದು ಸುತ್ತು. ಮೂರನೆಯದರ ಕೊನೆಯಲ್ಲಿ ವಿಧವೆಗೆ ಐದು ಬೆರಳು ಜೀವ, ಕಟುಕನಿಗೆ ನಾಲ್ಕು. ಎವೋದಿಯೋ ಹತ್ತಿರ ಬಿಡಲೇ ಇಲ್ಲ. ಕಟುಕನ ದೊಡ್ಡ ಬೀಸು ಒಂದಿದೆ. ಬೀಸಿದ ಮೇಲೆ ಅವನ ತೋಳು ತುಸು ಹೊತ್ತು ಚಾಚಿಕೊಂಡೇ ಇರುತ್ತದೆ, ಮೈಯೆಲ್ಲ ತೆರೆದಿರುತ್ತದೆ. ಆದರೆ ಅಷ್ಟರಲ್ಲಿ ಏಟು ತಿಂದವರು ಹಾರಿ ದೂರ ಬಿದ್ದಿರುತ್ತಾರೆ, ಹಾಗಾಗಿ ಅವನಿಗೆ ಭಯವಿಲ್ಲ. ನಮ್ಮ ಅಂಗಡಿಯಲ್ಲಿ ಆ ಬೀಸಿಗೆ ಆರು ಬೆರಳು ಹೋಗುತ್ತಿತ್ತು. ಐದು ಬೆರಳಿನವರು ಅದರ ಮುಂದೆ ಹೋಗುವ ಮಾತೇ ಇರಲಿಲ್ಲ.

ಸೆನೈದಾ ಮುಂದೆ ಹೋದಳು. ಕಟುಕ ಬೀಸಿದ. ವಿಧವೆ ಶಾಲನ್ನು ತಲೆತನಕ ಹೊದ್ದಳು.

"ಅಯ್ಯೋ, ಹೆಣದ ಬಟ್ಟೆ!" ಎಂದು ಎಲೋದಿಯಾ ನನ್ನ ತೋಳು ಹಿಡಿದಳು.

ಏಟು ಬಿತ್ತು. ಪಟ್ಟಿ ಐದರಿಂದ ಜಾರಿತು. ನಾಲ್ಕು, ಮೂರು, ಎರಡು. ಒಂದು ಬೆರಳಿನ ಹತ್ತಿರ ನಿಂತಿತು. ವಿಧವೆಯೂ ನಿಂತೇ ಇದ್ದಳು. ಚಾಚಿದ ತೋಳಿನ ಒಳಗೆ, ಅವನ ಎದೆಗೆ ಎದೆ ಕೊಟ್ಟ ಹಾಗೆ. ಇಪ್ಪತ್ತಾರು ವರ್ಷದಲ್ಲಿ ಶಾಲಿನೊಳಗಿಂದ ಆ ಮುಖ ಮತ್ತೆ ಹೊರಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಬೋರ್ಡು ಮಾಡಿದವರು ಯಾರೋ, ಯಾವ ದೇಶದವರೋ, ಈ ಒಂದು ಗಳಿಗೆಗಾಗಿ ಅದನ್ನು ಒಳಗೆ ಬಚ್ಚಿಟ್ಟಿದ್ದರು. ನಾನು ಬೆಂಕಿಕಡ್ಡಿಯಿಂದ ಅದರ ಬಾಗಿಲು ಹಾಕಿಬಿಟ್ಟಿದ್ದೆ.

ಶಾಲು, ಮೊಣಕೈ, ಶಾಲು, ಮೊಣಕಾಲು, ತಲೆ. ಕಟುಕ ಬಿದ್ದ. ಕೊನೆಯ ಎರಡು ಬೆರಳಿನಲ್ಲಿ ಏಟು ಮೆತ್ತಗಾಗುತ್ತದಲ್ಲ, ಹಾಗಾಗಿ ಒಂದು ನೂಲಿನಷ್ಟು ಹಳದಿ ಉಳಿದಿತ್ತು. ಸೆನೈದಾ ಕೈ ಎತ್ತಲಿಲ್ಲ. ಅವನು ಏಳತೊಡಗಿದ. ಆಗಲೂ ಅವಳು ಹೊಡೆಯಲಿಲ್ಲ. ಯಾರ ಏಟೂ ತಗಲದ ಆ ಅರೆ ಉಸಿರನ್ನು ಅವಳು ನಿಜವಾಗಿಯೂ ಉಸಿರಾಡಿ ಕಳೆದಳು. ಅವಳ ಬೆನ್ನು ಏರಿ ಇಳಿದದ್ದನ್ನು ಹಿಂದೆ ನಿಂತ ನಾನು ಕಂಡೆ. ಆಮೇಲೆ ಒಂದು ಸಾದಾ ಒದೆತ, ಕಲಿಯುವವರು ಮೊದಲ ದಿನ ಕಲಿಯುವಂಥದ್ದು.

ಪರದೆಯ ಮೇಲೆ ಗೆದ್ದವರ ಹೆಸರು ಬಂತು. ಅವಳು ಆಗಲೂ ಕೋಲು ಬಿಡಲಿಲ್ಲ. ಎವೋದಿಯೋ ಕನ್ನಡಕ ಸರಿಮಾಡಿಕೊಂಡು, ಕೈ ಚಾಚಿ ಅವಳ ಕಡೆಯ ಮರಕ್ಕೆ ಎರಡು ಸಲ ಬಡಿದ.

"ಮುಗೀತು ತಾಯಿ. ಬಿಡಿ," ಎಂದ.

ಬೋರ್ಡನ್ನು ಎಲೋದಿಯಾಳ ತಮಾಲೆ ಬಟ್ಟೆಯಲ್ಲಿ ಸುತ್ತಿ ತಂದೆವು. ಮರುದಿನ ಅದನ್ನು ಕೂರಿಸಿ, ಬೆಂಕಿಕಡ್ಡಿ ಕೈಯಲ್ಲಿ ಹಿಡಿದು ಸೆನೈದಾಳನ್ನು ಕೇಳಿದೆ, ಗುಂಡಿಗಳನ್ನು ಇದ್ದ ಹಾಗೇ ಬಿಡಲೋ, ನಮ್ಮ ಹಳೆಯ ಜಾಗಕ್ಕೆ ತಳ್ಳಲೋ ಎಂದು.

"ಹಳೇ ಜಾಗಕ್ಕೇ ತಳ್ಳಿ. ಏಟು ತಪ್ಪಿಸ್ಕೊಳ್ಳೋದು ನಾನು ಅಲ್ಲೇ ಕಲ್ತಿದ್ದು. ಆದ್ರೆ ಈ ಸಲ ಎಲ್ರಿಗೂ ಹೇಳಿ."

ರಟ್ಟಿನ ತುಂಡಿನ ಮೇಲೆ ಬರೆದು ಮಷೀನಿನ ತಲೆಗೆ ಅಂಟಿಸಿದೆ. ಬರೆಯಲು ನನಗೆ ಅರ್ಧ ದಿನ ಹಿಡಿಯಿತು. "ಇಲ್ಲಿ ಏಟು ಜೋರು. ಹೊರಗೆ ನಿಮಗೆ ಇದಕ್ಕಿಂತ ಹೆಚ್ಚು ಜೀವ ಇದೆ."

ಎಲೋದಿಯಾ ಸೊಂಟದ ಮೇಲೆ ಕೈಯಿಟ್ಟು ಎರಡು ಸಲ ಓದಿದಳು.

"ಇದೇನು ಕೂಕೋ, ಪಾದ್ರಿ ಬರೆಸಿದ್ದಾ?"

"ಅಲ್ಲ, ಮಷೀನಿನ ವಿಷಯ," ಅಂದೆ.