ಮೂರನೇ ಪ್ಲಗ್ಗಿನ ಹುಳಿ

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅನ್ನುತ್ತಾರೆ. ಆ ಸಾಲಿಗೆ ಮೆಕ್ಯಾನಿಕನನ್ನೂ ಸೇರಿಸಬೇಕೆಂದು ಬೀಜಾಡಿಯ ಬಚ್ಚನಿಗೆ ಯಾರೂ ಹೇಳಿರಲಿಲ್ಲ.

ಬಚ್ಚನದು ಹನ್ನೆರಡು ವರ್ಷ ಹಳೆಯ ಓಮ್ನಿ. ಬೆಳಿಗ್ಗೆ ಬಂದರಿನಿಂದ ಮೀನು ತಂದು, ಹೆಂಡತಿ ಸುಗುಣಳನ್ನೂ ಬುಟ್ಟಿಗಳನ್ನೂ ಕೋಟೇಶ್ವರದ ಮಾರ್ಕೆಟ್ಟಿನಲ್ಲಿ ಇಳಿಸಿ, ಮನೆಗೆ ಬಂದು, ಅದೇ ಗಾಡಿಯಲ್ಲಿ ಮಗಳು ಪೂಜಿತಾಳನ್ನು ಕುಂದಾಪುರದ ಕಾಲೇಜಿಗೆ ಬಿಡುತ್ತಿದ್ದ. ೨೦೦೫ರ ದೀಪಾವಳಿ ಕಳೆದ ವಾರ ಮಗಳ ಗೆಳತಿ ಶ್ರಾವ್ಯ ದಾರಿಯಲ್ಲಿ ಹತ್ತಿದಳು. ಪೂಜಿತಾ ಅವಳ ಜೊತೆ ಹಿಂದಿನ ಸೀಟಿನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಶ್ರಾವ್ಯ ಕರವಸ್ತ್ರ ಮೂಗಿಗೆ ಹಿಡಿದಳು. ಪೂಜಿತಾ ಗಾಜು ಸರಿಸಿದಳು. ಕನ್ನಡಿಯಲ್ಲಿ ಮಗಳ ನಾಚಿದ ಮುಖ ಕಂಡ ಬಚ್ಚ, ಗಾಡಿಯ ಮೀನಿನ ವಾಸನೆಯಿಂದಲೇ ಹೀಗಾಯಿತು ಅಂದುಕೊಂಡ.

ಮೀನು ಕೊಯ್ದ ಕೈಗೆ ಹುಳಿ ತಿಕ್ಕಿದರೆ ವಾಸನೆ ಹೋಗುತ್ತದೆಂದು ಕಡಲ ಬದಿಯ ಸಣ್ಣ ಮಕ್ಕಳಿಗೂ ಗೊತ್ತು. ಕೈಗೆ ಆಗುವುದು ಗಾಡಿಗೆ ಯಾಕಾಗಬಾರದು? ಮರುದಿನದಿಂದಲೇ, ಮಗಳು ಮೀಯಲು ಹೋದ ಹೊತ್ತು ನೋಡಿ, ಒಂದು ಬಕೆಟ್ ಹುಣಸೆಹುಳಿ ನೀರು ಕಿವುಚಿ ಸೀಟು, ನೆಲ, ಸಂದುಗೊಂದು ಒಂದೂ ಬಿಡದೆ ಹೊಯ್ದು ಉಜ್ಜಿ ಒರೆಸತೊಡಗಿದ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲೇ ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮಗಳ ಆ ಮುಖದ ಚಿಂತೆಯಲ್ಲಿ, ಪಾಪ, ಅದು ನೆನಪಾಗಲಿಲ್ಲ.

ವಾರ ಕಳೆಯುವುದರೊಳಗೆ ಗಾಡಿ ಕೆಮ್ಮತೊಡಗಿತು. ನಿಲ್ಲಿಸಿದಲ್ಲಿ ಗಡಗಡ ನಡುಗುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ. ಮಧ್ಯಾಹ್ನ ಕೋಟೇಶ್ವರದ ಮೆಕ್ಯಾನಿಕ್ ಪ್ರೇಮಾನಂದನ ಗ್ಯಾರೇಜಿಗೆ ಒಯ್ದರೆ ಮಾತ್ರ ಏನೂ ಆಗದವರ ಹಾಗೆ ಓಡುತ್ತದೆ. ಪ್ರೇಮಾನಂದ ಕಾರ್ಬುರೇಟರ್ ತೊಳೆದ, ಪ್ಲಗ್ ಬದಲಿಸಿದ. ಮರುದಿನ ಬೆಳಿಗ್ಗೆ ಮತ್ತದೇ ರಾಗ.

ಪೂಜಿತಾಳ ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಕೋಟೇಶ್ವರ ಮುಟ್ಟುವಷ್ಟರಲ್ಲಿ ಗಾಡಿ ಇನ್ನೇನು ನಿಂತೇಬಿಡುತ್ತದೆ ಅನ್ನುವ ಹಾಗಾಯಿತು. ಹೇಗೋ ಗ್ಯಾರೇಜಿನ ಅಂಗಳಕ್ಕೆ ತಂದ. ಪರೀಕ್ಷೆಗೆ ಇನ್ನೊಂದು ಗಂಟೆ ಇತ್ತು.

"ಈಗ ಸಿಕ್ಕಿತ್ ಕಾಣಿ ಕಳ್ಳ," ಎಂದು ಪ್ರೇಮಾನಂದ ಸೀಟು ಎತ್ತಿದ. ಇಂಜಿನ್ ಓಡುತ್ತಿದ್ದಂತೆಯೇ ಮೊದಲ ಪ್ಲಗ್ಗಿನ ವಯರು ಎಳೆದ. ಶಬ್ದ ಇನ್ನಷ್ಟು ಕುಸಿಯಿತು. ಎರಡನೆಯದು ಎಳೆದಾಗಲೂ ಹಾಗೆಯೇ. ಮೂರನೆಯದು ಎಳೆದರೆ ಇಂಜಿನ್ ಕ್ಯಾರೇ ಅನ್ನಲಿಲ್ಲ.

"ಮೂರ್ನೇದ್ ಕೆಲ್ಸವೇ ಮಾಡ್ತಿಲ್ಲ. ಬಚ್ಚಣ್ಣ, ಸೀಟಿನಡಿಗೆ ನೀರ್ ಗೀರ್ ಹೊಯ್ತ್ರ್ಯಾ?"

ಮಗಳು ಪಕ್ಕದಲ್ಲೇ ನಿಂತಿದ್ದಳು. ಹೌದೆಂದರೆ ಯಾಕೆಂದು ಕೇಳುತ್ತಾನೆ. ಯಾಕೆಂದು ಹೇಳಿದರೆ, ನಿನ್ನ ನಾಚಿಕೆ ನನಗೆ ಕಂಡಿದೆ ಎಂದು ಮಗಳಿಗೇ ಹೇಳಿದಂತೆ. ಅದೊಂದು ಮಾತ್ರ ಬಚ್ಚನಿಗೆ ಬೇಡವಾಗಿತ್ತು.

"ಇಲ್ಲಪ್ಪ. ನಾ ಎಂತಕ್ ಹೊಯ್ಲಿ?"

"ಹಂಗಾರೆ ಒಳ್ಗೇ ಎಂತದೋ ಹಾಳಾಯ್ತ್. ಇಂಜಿನ್ ಬಿಚ್ಕಾತ್ತ್. ಹದ್ನೈದ್ ದಿನ ಗಾಡಿ ಇಲ್ಲೇ."

"ಬಿಚ್ಚ್," ಎಂದ ಬಚ್ಚ. ಹದಿನೈದು ದಿನ ಗಾಡಿ ಇಲ್ಲದಿದ್ದರೆ ಮೀನೆಲ್ಲಿ, ಮಾರ್ಕೆಟ್ಟೆಲ್ಲಿ? ಆದರೂ ಹಾಗೆಯೇ ಅಂದ, ಹಠಮಾರಿ.

ಬಿಚ್ಚಲು ಪ್ರೇಮಾನಂದನಿಗೇ ಮನಸ್ಸಾಗಲಿಲ್ಲ. ಇಂಜಿನ್ ಆರಿಸಿ, ಆ ವಯರಿನ ತುದಿಯ ರಬ್ಬರ್ ಟೊಪ್ಪಿಯನ್ನು ಮಡಚಿ ನೋಡಿದ. ಒಳಗೆ ಕಂದು ಬಣ್ಣದ ಅಂಟು, ಅದರಲ್ಲೊಂದು ನಾರು. ಬೆರಳಿಗೆ ತಾಗಿಸಿ ಮೂಸಿದ. ಸಾಲದ್ದಕ್ಕೆ ನಾಲಿಗೆಗೂ ತಾಗಿಸಿದ.

"ಹ್ವಾಯ್, ಇದ್ ಹುಳಿ ಅಲ್ದಾ! ಕರೆಂಟ್ ಪ್ಲಗ್ಗಿಗ್ ಹೋಪುದ್ ಬಿಟ್ಟ್ ಈ ಹಸಿ ಅಂಟ್ ಹಿಡ್ಕಂಡ್ ಹೊರ್ಗ್ ಹೋತಿತ್ತ್. ಮಧ್ಯಾಹ್ನಕ್ ಒಣಗ್ತ್, ಗಾಡಿ ಸರಿ ಆತ್ತ್. ಗಾಡಿಯೊಳ್ಗೆ ಸಾರ್ ಮಾಡ್ತ್ರ್ಯಾ ಎಂತ?"

ಬಚ್ಚ ನೆಲ ನೋಡಿದ. ಇನ್ನು ಮುಚ್ಚಿಡುವುದೇನು?

"ನಾನೇ ತೊಳದ್ದ್. ಮೀನ್ ವಾಸ್ನಿ ಹೋಯ್ಲಿ ಅಂದೇಳಿ. ಜೊತಿಯರ್ ಮುಂದೆ ಹೆಣ್ಣಿಗೆ ನಾಚ್ಕಿ ಆತಿತ್ತ್."

ಪ್ರೇಮಾನಂದನ ನಗು ನಿಂತಿತು. ಬಟ್ಟೆ ತಗೊಂಡು ಅಂಟು ಒರೆಸತೊಡಗಿದ.

ಪೂಜಿತಾಳ ಕಣ್ಣು ತುಂಬಿತು. "ಗಾಡಿ ಅಲ್ಲ ಅಪ್ಪಯ್ಯ. ಅವತ್ತ್ ಶ್ರಾವ್ಯ ಮೂಗ್ ಮುಚ್ಚಿದ್ದ್ ನನ್ ಕೈ ವಾಸ್ನಿಗೆ. ಬೆಳಿಗ್ಗೆ ಸಾರಿಗ್ ಮೀನ್ ಕೊಯ್ದದ್ದ್ ನಾನೇ ಅಲ್ದಾ? ಅವತ್ತಿಂದ ಮೀಂಬ ಹೊತ್ತಿಗೆ ನಾನೂ ಕೈಗೆ ಹುಳಿ ತಿಕ್ತಾ ಇದ್ದೆ. ನಿಂಗೆ ಗೊತ್ತಾರೆ ಬೇಜಾರಾತ್ತ್ ಅಂದೇಳಿ ಹೇಳ್ಲಿಲ್ಲ."

ಬಚ್ಚ ಮಗಳ ಕೈ ಹಿಡಿದು ನೋಡಿದ. ಬೆರಳಿನ ಸಂದಿಗಳು ಉರಿದು ಕೆಂಪಾಗಿದ್ದವು, ಅಲ್ಲಲ್ಲಿ ಚರ್ಮ ಒಡೆದಿತ್ತು. ಇಷ್ಟು ದಿನ ತನ್ನ ಗಾಡಿಯಲ್ಲೇ ಕೂತು ಹೋದವಳ ಕೈಯನ್ನು ಒಮ್ಮೆಯೂ ನೋಡಲಿಲ್ಲವಲ್ಲ, ಗಾಡಿ ಉಜ್ಜಿದ್ದೇ ಉಜ್ಜಿದ್ದು ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು.

ಪ್ರೇಮಾನಂದ ಹೊಸ ವಯರು ಸಿಕ್ಕಿಸಿ ಕೀಲಿ ತಿರುಗಿಸಿದ. ಮೂರೂ ಒಟ್ಟಿಗೆ ಹಿಡಿದು ಇಂಜಿನ್ ನೆಟ್ಟಗೆ ಓಡಿತು. ಆದರೆ ಅಪ್ಪ ಮಗಳಿಬ್ಬರ ಲಕ್ಷ್ಯವೂ ಆ ಕಡೆ ಇರಲಿಲ್ಲ.

"ಇವತ್ತೇ ಕೈಗೆ ತೆಂಗಿನೆಣ್ಣಿ ಹಚ್ಚ್ ಮಗಾ," ಎಂದ ಬಚ್ಚ. "ಇನ್ನ್ ಹುಳಿ ಮುಟ್ಟುದ್ ಬ್ಯಾಡ."

"ನೀನೂ ಮುಟ್ಟುದ್ ಬ್ಯಾಡ," ಎಂದಳು ಪೂಜಿತಾ.